ಮಂಗಳೂರಿನ ಬಣ್ಣದ ವೇಷ

ಮಳೆಗಾಲವು ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಕಾಲದಲ್ಲಿ ಮಂಗಳೂರನ್ನು ನೋಡಬೇಕೆಂಬ ಆಸೆಯು ಬಹುದಿನಗಳಿಂದ ನನ್ನಲ್ಲಿದ್ದಿತು. ಅಲ್ಲಿಗೆ ಹೋದವನು ಮೊದಲು ದಾರಿ ಹಿಡಿದುದು ಹಳೆಯ ಬಂದರಿಗೆ. ಧಕ್ಕೆಯಲ್ಲಿ ಮೀನಿನ ದೋಣಿಗಳ ಗದ್ದಲ. ಆಚೆಯ ದಡದಲ್ಲಿ ಬೆಂಗ್ರೆಯ ತೆಂಗುಗಳು. ನೇತ್ರಾವತಿ ಗುರುಪುರ ನದಿಗಳು ಜೊತೆಗೂಡಿ ಕಡಲನ್ನು ಸೇರುವ ಅಳಿವೆ. ಹಿಂದೆ ಮುಂಬಯಿಯ ಆವಿಹಡಗುಗಳು ಈ ಅಳಿವೆಯೊಳಕ್ಕೆ ಬರಲಾರದೆ ಹೊರಗಡಲಲ್ಲಿ ಲಂಗರು ಹಾಕುತ್ತಿದ್ದುವು. ಜನರು ದೋಣಿಯಲ್ಲಿ ಹೋಗಿ ಅವನ್ನು ಏರುತ್ತಿದ್ದರು. ಪಣಂಬೂರಿನ ಬಂದರು 1974ರಲ್ಲಿ ಪ್ರಧಾನ ಬಂದರೆನಿಸಿತು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದುದು 1998ರಲ್ಲಿ. ಅದಕ್ಕೆ ಬಹಳ ಮುಂಚೆಯೇ ತುಳುವರ ಹುಡುಗರೆಷ್ಟೋ ಮಂದಿ ಹೊಟ್ಟೆಯ ಪಾಡಿಗಾಗಿ ಮುಂಬಯಿಯನ್ನು ಸೇರಿ, ಹೋಟೆಲುಗಳಲ್ಲಿ ದುಡಿದು ಬದುಕನ್ನು ಕಟ್ಟಿಕೊಂಡರು.

ಹಾಗೆ ಮುಂಬಯಿಯಲ್ಲಿ ಹೆಸರಾದವರಲ್ಲಿ ಒಬ್ಬರು ಎಂ. ಬಿ. ಶೆಟ್ಟಿಯವರು. ಹೆಸರು ಹೇಳಿದರೆ ಗುರುತು ಹತ್ತದವರಿಗೂ ಬೋಳುತಲೆಯ ಆ ದೈತ್ಯನನ್ನು ನೆನಪಿಸಿದರೆ ಸಾಕು. ಸುಮಾರು ಎರಡು ದಶಕಗಳ ಕಾಲ ಹಿಂದಿ ಚಿತ್ರಗಳಲ್ಲಿ ಅವರು ನಾಯಕರ ಕೈಯಲ್ಲಿ ಪೆಟ್ಟು ತಿಂದರು. ‘ಡಾನ್’ ಚಿತ್ರದ ಶಾಕಾಲನು ಅವರೇ. 1978ರಲ್ಲೇ ಬಂದ ‘ತ್ರಿಶೂಲ್’ನಲ್ಲಿ ನಿವೇಶನವನ್ನು ಬಿಡದೆ ಕುಳಿತ ಮಾಧೋಸಿಂಗನನ್ನು ಎಬ್ಬಿಸಲು ನಾಯಕನು ಆಂಬುಲೆನ್ಸನ್ನು ಮೊದಲೇ ಜೊತೆಯಲ್ಲಿ ತರುವ ಪ್ರಸಂಗವನ್ನು ಯಾರು ಮರೆತಾರು? ಆ ಮಾಧೋಸಿಂಗನೂ ಶೆಟ್ಟಿಯವರೇ. ಆದರೆ ಅವರು ಬರಿಯ ಪೆಟ್ಟು ತಿನ್ನುವವರಾಗಿರಲಿಲ್ಲ. ಹೊಡೆದಾಟಗಳನ್ನು ಹೂಡಿ ಕಲಿಸುವ ನಿರ್ದೇಶಕರೂ ಆಗಿದ್ದರು. ನಾಯಕನ ಮುಷ್ಟಿಯು ಎಲ್ಲಿ ಬೀಳಬೇಕು, ತಾನು ಯಾವಾಗ ಉರುಳಬೇಕು ಎಂಬ ಲೆಕ್ಕ ಬಲ್ಲವನಿಂದಲೇ ನಾಯಕನಿಗೆ ಶೂರನೆಂಬ ಹೆಸರು ಬರುವುದು.

ಅಮೆರಿಕದಲ್ಲಿಯೂ ಇಂತಹರಿದ್ದರು. 1955ರಿಂದ 1975ರವರೆಗೆ ಟೆಲಿವಿಷನ್ನಿನಲ್ಲಿ ನಡೆದ ‘ಗನ್‌ಸ್ಮೋಕ್’ ಎಂಬ ಕುದುರೆ ಸವಾರರ ಧಾರಾವಾಹಿಯಲ್ಲಿ ಕೇಡಿಗನಾಗಿ ಮತ್ತೆ ಮತ್ತೆ ಬಂದ ಜ್ಯಾಕ್ ಎಲಾಮ್ ಎಂಬವನಿಗೆ ಬಾಲ್ಯದಲ್ಲಿ ಒಂದು ಕಣ್ಣು ಹೋಗಿದ್ದಿತು. ಆ ಓರೆನೋಟವೇ ಅವನ ಬಂಡವಾಳವಾಯಿತು. ಒಬ್ಬರಿಗೆ ಕಣ್ಣು, ಇನ್ನೊಬ್ಬರಿಗೆ ಬೋಳುತಲೆ!

ನಾನು ಉಳಿದುಕೊಂಡಿದ್ದ ಮನೆಯ ಹಿರಿಯರು ಸಂಜೆ ನನ್ನನ್ನು ಜ್ಯೋತಿ ವೃತ್ತದತ್ತ ಕರೆದೊಯ್ದರು. ಆ ಹೆಸರನ್ನು ಕೊಟ್ಟ ಚಿತ್ರಮಂದಿರವು ಈಗಿಲ್ಲ. “ನಾವು ಹುಡುಗರು ಇಲ್ಲಿ ಕೂತು, ಶೆಟ್ಟಿಗೆ ಪೆಟ್ಟು ಬಿದ್ದಾಗೆಲ್ಲ ಸಿಳ್ಳು ಹಾಕುತ್ತಿದ್ದೆವು ಮಾರಾಯರೇ. ಒಂದು ದಿನ ಹಿಂದಿನ ಸಾಲಿನಿಂದ ಒಬ್ಬರು, ‘ಅವ ನಮ್ಮ ಊರಿನವ, ಗೊತ್ತುಂಟಾ?’ ಎಂದರು. ಮತ್ತೆ ಸಿಳ್ಳು ಹಾಕಲಿಕ್ಕೆ ಬಾಯಿ ಬರಲಿಲ್ಲ” ಎಂದರವರು. ಶೆಟ್ಟಿಯವರು 1982ರಲ್ಲಿ ತೀರಿಕೊಂಡರು. ಆಗ ಎಳೆಯ ಹುಡುಗನಾಗಿದ್ದ ಮಗ ರೋಹಿತನು 1991ರ ‘ಫೂಲ್ ಔರ್ ಕಾಂಟೆ’ಯಲ್ಲಿ ಸಹಾಯಕನಾಗಿ ದುಡಿದು, ಮುಂದೆ ‘ಸಿಂಘಂ’ ಮೊದಲಾದ ಚಿತ್ರಗಳ ನಿರ್ದೇಶಕನಾದುದು ಎಲ್ಲರೂ ಬಲ್ಲ ಸಂಗತಿ. ತಂದೆಯ ಗುರುತೆನ್ನಬಹುದಾದುದೊಂದೂ ಪೇಟೆಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಸೋಲುವ ಪಾತ್ರದ ಬೆಲೆಯನ್ನು ಬಲ್ಲ ಊರಿದು. ಆದುದರಿಂದ ನನಗೆ ತುಸು ಬೇಸರವಾಯಿತು.

ಬಲ್ಲ ಊರೆಂದು ಸುಮ್ಮನೆ ಹೇಳಲಿಲ್ಲ. ಆ ರಾತ್ರಿಯೇ ಹತ್ತಿರದ ಬಯಲಿನಲ್ಲಿ ದೇವೀಮಹಾತ್ಮೆಯ ಆಟವಿದ್ದಿತು. ಹಿರಿಯರು ಐದು ವರ್ಷದ ಮೊಮ್ಮಗನನ್ನೂ ಕರೆತಂದಿದ್ದರು. ತೆಂಕುತಿಟ್ಟಿನಲ್ಲಿ ರಕ್ಕಸನಿಗೆ ಬಣ್ಣದ ವೇಷವೆನ್ನುವರು. ಅಕ್ಕಿಹಿಟ್ಟು ಸುಣ್ಣಗಳನ್ನು ಕಲಸಿ ಮುಖದ ಮೇಲೆ ಚುಟ್ಟಿಯಿಡಲು ಗಂಟೆಗಟ್ಟಲೆ ಹೊತ್ತು ಹಿಡಿಯುವುದು. ಅಷ್ಟೆಲ್ಲ ಸಿಂಗಾರವೂ ಕೊನೆಗೆ ಸಾಯುವುದಕ್ಕೆ! ಚೆಂಡೆಯ ಅಬ್ಬರದಲ್ಲಿ, ದೊಂದಿಗಳಿಗೆ ಎರಚಿದ ರಾಳವು ಭುಗಿಲೆನ್ನಲು, ಕೋಡುಗಳನ್ನು ಹೊತ್ತ ಮಹಿಷಾಸುರನು ನೋಡುವವರ ನಡುವಿನಿಂದಲೇ ಆರ್ಭಟಿಸುತ್ತ ಬಂದನು. ಹುಡುಗನು ಚೀರಿ ಅಜ್ಜನ ಮಡಿಲಿನಲ್ಲಿ ಮುಖವನ್ನು ಹುದುಗಿಸಿದನು.

ಮಹಿಷನ ವಧೆಯಾದ ಮೇಲೆ ನಾವು ಚೌಕಿಗೆ ಹೋದೆವು. ವೇಷಧಾರಿಗಳು ತೆಂಗಿನೆಣ್ಣೆಯಿಂದ ಬಣ್ಣವನ್ನು ತೆಗೆಯುತ್ತ ಕುಳಿತಿದ್ದರು. ಬಣ್ಣದ ಕೆಳಗಿನಿಂದ ದಣಿದ, ಮಧ್ಯವಯಸ್ಸಿನ ಮುಖವೊಂದು ಮೆಲ್ಲನೆ ಹೊರಬರುತ್ತಿದ್ದಿತು. ಹುಡುಗನು ಅಜ್ಜನ ಬೆನ್ನ ಹಿಂದಿನಿಂದಲೇ ಇಣಿಕಿ, “ನಿಮಗೆ ನೋವಾಯಿತಾ?” ಎಂದು ಕೇಳಿದನು.

ಅವರು ನಕ್ಕು, “ನೋವು ಎಂಥದು ಮಗಾ? ನಾಳೆ ಇನ್ನೊಂದು ಊರಲ್ಲಿ ಪುನಃ ಸಾಯಲಿಕ್ಕುಂಟು” ಎಂದು ಚಹಾದ ಲೋಟಕ್ಕೆ ಕೈಚಾಚಿದರು.