ಲಾಭ, ಎರಡು, ಮೂರು

ಅಪ್ಪ ಬಿದ್ದಿದ್ದು ನನ್ನಿಂದ. ಇದನ್ನ ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಆಮೇಲೆ ಹೇಳೋ ಧೈರ್ಯ ಬರಲ್ಲ.

ಅವತ್ತು ಹತ್ತು ಗಂಟೆಗೆ ನನಗೊಂದು ಕ್ಲೈಂಟ್ ಕಾಲ್ ಇತ್ತು. ಅಷ್ಟರೊಳಗೆ ಅಪ್ಪನನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿ ಬರಬೇಕಿತ್ತು. ಲಿಫ್ಟ್ ಬಂತು, ಬಾಗಿಲು ತೆರೀತು. ಅಪ್ಪ ಅದರ ಮುಂದೆ ನಿಂತುಬಿಟ್ಟರು, ಪಾದಕ್ಕೆ ಯಾರೋ ಅಂಟು ಹಾಕಿದ ಹಾಗೆ. "ಬೇಗ ಬನ್ನಿ ಅಪ್ಪಾ, ಬಾಗಿಲು ಮುಚ್ಕೊಳ್ಳುತ್ತೆ" ಅಂತ ಕೈ ಹಿಡಿದು ಎಳೆದೆ. ಮೈ ಮುಂದೆ ಬಂತು, ಕಾಲು ಬರಲಿಲ್ಲ. ಹಣೆಗೆ ನಾಲ್ಕು ಹೊಲಿಗೆ, ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್.

ಅವರಿಗೆ ಪಾರ್ಕಿನ್ಸನ್ ಅಂತ ಗೊತ್ತಾಗಿ ಆಗಲೇ ಎರಡು ವರ್ಷ ಆಗಿತ್ತು. ಅದನ್ನ ಕೈ ನಡುಗೋ ಕಾಯಿಲೆ ಅಂತಷ್ಟೇ ನಾನು ತಿಳ್ಕೊಂಡಿದ್ದೆ. ನಿಜ ಹೇಳ್ಬೇಕು ಅಂದ್ರೆ, ಒಳಗೊಳಗೇ ಒಂದು ಅನುಮಾನವೂ ಇತ್ತು. ಮೆಟ್ಟಿಲು ಸರಾಗವಾಗಿ ಹತ್ತುವ ಮನುಷ್ಯ, ಚಪ್ಪಟೆ ನೆಲದ ಮೇಲೆ ಬಚ್ಚಲುಮನೆ ಬಾಗಿಲಲ್ಲಿ ಯಾಕೆ ನಿಂತುಬಿಡ್ತಾರೆ? ಊರು ಬಿಟ್ಟು ಬೆಂಗಳೂರಿಗೆ ಬಂದಿದ್ದು ಅವರಿಗೆ ಇಷ್ಟ ಇರಲಿಲ್ಲ. ಹಟ ಮಾಡ್ತಿದಾರೆ ಅಂದ್ಕೊಂಡಿದ್ದೆ.

ಬಿದ್ದ ರಾತ್ರಿ ನಿದ್ದೆ ಬರದೆ ಓದುತ್ತಾ ಕೂತೆ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ತನ್ನ ಪುಸ್ತಿಕೆಯಲ್ಲಿ ನಡುಗುವ ಕೈ ಜೊತೆಗೆ ಮುಂದಕ್ಕೆ ಬಾಗುವ ಮೈ, ತಾನಾಗೇ ಓಟವಾಗಿಬಿಡುವ ನಡಿಗೆ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಇನ್ನೂರು ವರ್ಷದ ಹಿಂದಿನ ಆ ವಿವರದಲ್ಲಿ ಅಪ್ಪ ಇದ್ದರು. ಮನೇಲಿದ್ದ ಅಪ್ಪನನ್ನು ಮಾತ್ರ ನಾನು ನೋಡಿರಲಿಲ್ಲ.

ಮಿಕ್ಕಿದ್ದನ್ನು ಫಿಸಿಯೋಥೆರಪಿಸ್ಟ್ ಬಿಡಿಸಿ ಹೇಳಿದರು. ಬೈಕ್ ಕಲಿಯುವಾಗ ಕ್ಲಚ್, ಗೇರ್, ಬ್ರೇಕ್ ಒಂದೊಂದನ್ನೂ ನೆನೆಸಿಕೊಂಡು ಮಾಡ್ತೀವಿ, ಆಮೇಲೆ ಕೈಕಾಲು ತಾವೇ ನೋಡ್ಕೊಳ್ಳುತ್ತವೆ. ನಡಿಗೆಯೂ ಹಾಗೇ. ಮಿದುಳಿನ ಆಳದಲ್ಲಿರುವ ಒಂದು ಭಾಗ ಅದನ್ನ ನಮಗೆ ಗೊತ್ತೇ ಆಗದ ಹಾಗೆ ನಡೆಸುತ್ತೆ. ಪಾರ್ಕಿನ್ಸನ್‌ನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗಿ, ಈ ತಾನಾಗೇ ನಡೆಯುವ ವ್ಯವಸ್ಥೆಯೇ ಕೈಕೊಡುತ್ತೆ. ಬಾಗಿಲು, ತಿರುವು, ಇಕ್ಕಟ್ಟಾದ ಜಾಗ, ಅವಸರ ಇವೇ ಕಾಲು ಕಟ್ಟಿಕೊಳ್ಳುವ ಕಡೆಗಳು. ಆದರೆ ಕಣ್ಣೆದುರು ದಾಟಲಿಕ್ಕೆ ಏನಾದರೂ ಇದ್ದರೆ, ಒಂದು ಗೆರೆಯೋ ಮೆಟ್ಟಿಲೋ, ಮಿದುಳು ಬೇರೆ ದಾರಿ ಹಿಡಿದು ಬೇಕೆಂದೇ ಹೆಜ್ಜೆ ಎತ್ತಿಸುತ್ತೆ. ಮೆಟ್ಟಿಲಿನ ಗುಟ್ಟು ಇದು. ಹಟವೂ ಅಲ್ಲ, ನಾಟಕವೂ ಅಲ್ಲ.

ಇದನ್ನ ಅಮ್ಮನಿಗೆ ಹೇಳಿದೆ. "ನಂಗೊತ್ತಿತ್ತು ಕಣೋ. ಊರಲ್ಲಿ ಹೊಲದ ಸಾಲು ದಾಟ್ಕೊಂಡು ಚೆನ್ನಾಗೇ ಓಡಾಡ್ತಿದ್ರು. ಮನೆ ಬಾಗಿಲಿಗೆ ಬಂದಾಗಲೇ ನಿಲ್ತಿದ್ರು. ಫೋನಲ್ಲಿ ಹೇಳಿದ್ರೆ, ಮೀಟಿಂಗಲ್ಲಿದೀನಿ ಅಂದೆ" ಅಂದಳು.

ನನ್ನ ಹತ್ರ ಉತ್ತರ ಇರಲಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಿಂದ ಕೆಂಪು ಟೇಪ್ ತಂದೆ. ರೂಮಿಂದ ಬಚ್ಚಲುಮನೆವರೆಗೆ, ಅಪ್ಪನ ಒಂದೊಂದು ಹೆಜ್ಜೆ ಅಳತೆಗೆ, ಅಡ್ಡ ಗೆರೆ ಅಂಟಿಸಿದೆ. ಹೊಳೆಯುವ ಟೈಲ್ಸ್ ಮೇಲೆ ಹೊಲದ ಸಾಲು. ಜಾರುವ ಕಾಲೊರಸನ್ನು ತೆಗೆದೆವು. ಕಮೋಡ್ ಪಕ್ಕ ಹಿಡಿಕೆ, ರಾತ್ರಿಗೆ ಸಣ್ಣ ದೀಪ. ಎದ್ದ ತಕ್ಷಣ ಬಿಪಿ ಇಳಿದು ತಲೆ ಸುತ್ತಬಹುದು, ಅದಕ್ಕೇ ಒಂದು ನಿಮಿಷ ಮಂಚದ ಅಂಚಲ್ಲಿ ಕೂತು ಆಮೇಲೆ ಏಳೋದು. ತಿರುಗುವಾಗ ನಿಂತಲ್ಲೇ ಬುಗುರಿ ಥರ ತಿರುಗೋ ಹಾಗಿಲ್ಲ, ಎತ್ತಿನಗಾಡಿ ತಿರುಗಿಸಿದ ಹಾಗೆ ಅಗಲವಾಗಿ ಸುತ್ತಬೇಕು. ನಡೆಯುವಾಗ ಮಾತಾಡಿಸಬಾರದು. ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಬೇಕು, ಅದರ ಪ್ರಭಾವ ಇಳಿದಾಗಲೇ ಕಾಲು ಹೆಚ್ಚು ಕಟ್ಟೋದು. ಎಲ್ಲಕ್ಕಿಂತ ಮುಖ್ಯ, ನಿಂತವರನ್ನು ಎಳೆಯಬಾರದು. ಪಕ್ಕದಲ್ಲಿ ನಿಂತು ಕಾಯಬೇಕು. ಅವರು ಭಾರವನ್ನು ಆ ಕಾಲಿಂದ ಈ ಕಾಲಿಗೆ ಒಂದೆರಡು ಸಲ ತೂಗಿ, ಆಮೇಲೆ ದೊಡ್ಡ ಹೆಜ್ಜೆ ಇಡ್ತಾರೆ.

ತಾಳಕ್ಕೂ ಹೆಜ್ಜೆ ಬರುತ್ತೆ ಅಂದಿದ್ದರು. ಮೊಬೈಲಲ್ಲಿ ಟಕ್ ಟಕ್ ಅನ್ನೋ ಆ್ಯಪ್ ಹಾಕಿಕೊಟ್ಟೆ. ಅಪ್ಪ ಎರಡು ದಿನ ಸಹಿಸ್ಕೊಂಡು, "ಇದೇನು ಹಲ್ಲಿ ಲೊಚಗುಟ್ಟಿದಂಗೆ, ತೆಗೆಯೋ" ಅಂದರು. ಮಾರನೇ ದಿನ ಬಚ್ಚಲುಮನೆ ಹತ್ರ ಅವರ ದನಿ ಕೇಳಿಸ್ತು. "ಲಾಭ... ಎರಡು... ಮೂರು..." ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನಲ್ಲ, ಲಾಭ ಅಂತಾರೆ. ಚೀಲ ಹಿಡ್ಕೊಂಡು ನಿಂತಿದ್ದ ಹುಡುಗ ನಾನೇ. ಆ ಲೆಕ್ಕ ಕೇಳಿ ಎಷ್ಟು ವರ್ಷ ಆಗಿತ್ತೋ.

ಕಾಯಿಲೆ ವಾಸಿ ಆಗಿಲ್ಲ, ಆಗಲ್ಲ. ಗೆರೆಗಳಿದ್ದೂ ಒಂದೊಂದು ದಿನ ಕಾಲು ಏಳೋದೇ ಇಲ್ಲ. ಆದರೆ ಆ ದಿನದಿಂದ ಇದನ್ನ ಬರೆಯೋವರೆಗೆ, ಎಂಟು ತಿಂಗಳಲ್ಲಿ, ಬಿದ್ದಿಲ್ಲ.

ಮೊನ್ನೆ ಮತ್ತೆ ಅದೇ ಲಿಫ್ಟ್. ಬಾಗಿಲು ಮುಚ್ಚದ ಹಾಗೆ ಬಟನ್ ಒತ್ತಿ ಹಿಡ್ಕೊಂಡೆ. ಅಪ್ಪ ನಿಂತರು. ಒಳಗೆ ಲ್ಯಾಪ್‌ಟಾಪ್ ಬ್ಯಾಗಿನ ಹುಡುಗನೊಬ್ಬ ಎರಡು ಸಲ ವಾಚ್ ನೋಡಿದ. ಪಾಪ, ಅವನಿಗೂ ಹತ್ತು ಗಂಟೆಗೆ ಕಾಲ್ ಇತ್ತೇನೋ. "ಒಂದು ನಿಮಿಷ ಗುರು" ಅಂದೆ. ಅಪ್ಪ ಆ ಕಡೆ ಈ ಕಡೆ ತೂಗಿದರು, ಬಾಗಿಲ ಪಟ್ಟಿ ನೋಡಿದರು.

"ಲಾಭ" ಅಂದು ಕಾಲೆತ್ತಿ ಒಳಗಿಟ್ಟರು.