ಒಂದು ಳಕಾರದ ಬೆಲೆ

ಕನ್ನಡದಲ್ಲಿ 'ತಳ್ಳಿದ' ಎಂದರೆ ನೂಕಿದ. ಮಲೆಯಾಳದಲ್ಲೂ 'ತಳ್ಳಿ' ಎಂದರೆ ಅದೇ ಅರ್ಥ. ಆದರೆ ಅಲ್ಲಿ ಳಕಾರ ಲಕಾರವಾಗಿ 'ತಲ್ಲಿ' ಎಂದಾಯಿತೋ, ಹೊಡೆದ ಎಂದರ್ಥ. ಸಂತೆಯಲ್ಲಿ ಇಂತಹ ವ್ಯತ್ಯಾಸಕ್ಕೆ ನಾವು ನಕ್ಕು ಸುಮ್ಮನಾಗುತ್ತೇವೆ. ಕ್ರಿಮಿನಲ್ ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ನಗುವಂತಿಲ್ಲ. ಬರಿದೇ ನೂಕಿದ್ದಕ್ಕೆ ಹೆಚ್ಚೆಂದರೆ 3 ತಿಂಗಳ ಸಜೆ. ಹೊಡೆದು ನೋಯಿಸಿದ್ದಕ್ಕೆ 1 ವರ್ಷದವರೆಗೂ ಆಗಬಹುದು.

ಕನ್ನಡ ಅಧ್ಯಾಪಕನಾಗಿ ನಿವೃತ್ತನಾದ ನನ್ನನ್ನು, ಎರಡೂ ಭಾಷೆ ಬಲ್ಲವನೆಂಬ ಕಾರಣಕ್ಕೆ, ಕೆಲವು ಬಾರಿ ನ್ಯಾಯಾಲಯಕ್ಕೆ ಕರೆದದ್ದುಂಟು. ಒಮ್ಮೆ ಗದ್ದೆಬದುವಿನ ಜಗಳದ ಪ್ರಕರಣ. ಸಾಕ್ಷಿ ಹೇಳಿದಾಕೆಯ ಮನೆಮಾತು ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಹೇಳಿಕೆ ಬರೆದಾದ ಮೇಲೆ ಅದನ್ನು ಆಕೆಗೆ ಕನ್ನಡದಲ್ಲಿ ತಿಳಿಸಲು ನನಗೆ ಕರೆ ಬಂತು. "ಹೊಡೆದರು" ಎಂಬಲ್ಲಿಗೆ ಬಂದಾಗ ಆಕೆ ತಡೆದರು: "ಹೊಡೆದದ್ದಲ್ಲ ಮಾಷ್ಟ್ರೇ, ತಳ್ಳಿದ್ದು." ಆ ಆಕ್ಷೇಪ ದಾಖಲಾಯಿತು. ಆರೋಪಿ ಆಕೆಯ ನೆರೆಮನೆಯವ. ಜಗಳ ನಿಜ, ಆದರೆ ಆಡದ ಮಾತಿನಿಂದ ಅವನು ಜೈಲಿಗೆ ಹೋಗುವುದು ಆಕೆಗೆ ಬೇಕಿರಲಿಲ್ಲ. ನನ್ನನ್ನು ಕರೆಯದೇ ಇದ್ದಿದ್ದರೆ?

ಕಾನೂನು ಈ ಬಗ್ಗೆ ಮೌನವಾಗಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 277, 278, 279ನೆಯ ಕಲಮುಗಳು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 312, 313, 314 ಆಗಿವೆ. ಸಾಕ್ಷಿಯ ಮಾತನ್ನು ಬೇರೆ ಭಾಷೆಯಲ್ಲಿ ಬರೆದುಕೊಂಡಿದ್ದರೆ ಅದನ್ನು ಸಾಕ್ಷಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. 1979ರಲ್ಲಿ ಭಾರತ ಸೇರಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯೂ ಆರೋಪಿಗೆ ದುಭಾಷಿಯ ನೆರವು ಉಚಿತವಾಗಿರಬೇಕೆನ್ನುತ್ತದೆ. ಆದರೆ ಆ ದುಭಾಷಿಯನ್ನು ಯಾರು ನೇಮಿಸಬೇಕು, ಸಂಬಳ ಯಾವ ಲೆಕ್ಕದಿಂದ ಬರಬೇಕು ಎಂಬುದನ್ನು ಈ ಕಲಮುಗಳು ಹೇಳುವುದಿಲ್ಲ.

ಹುದ್ದೆಯಿಲ್ಲದಲ್ಲಿ ಕೈಗೆ ಸಿಕ್ಕವರೇ ದುಭಾಷಿ. ಕಛೇರಿಯ ಗುಮಾಸ್ತರೋ, ಬೇರೆ ಕೇಸಿಗೆ ಬಂದ ವಕೀಲರೋ ಸಹಾಯಕ್ಕೆ ನಿಲ್ಲುತ್ತಾರೆ. ಅವರ ಸಜ್ಜನಿಕೆ ದೊಡ್ಡದು. ಆದರೆ ಎರಡು ಭಾಷೆ ಬಲ್ಲುದು ಬೇರೆ, ಸಾಕ್ಷ್ಯವನ್ನು ಕೂಡಿಸದೆ ಕಳೆಯದೆ ದಾಟಿಸುವುದು ಬೇರೆ. ಮಲೆಯಾಳದ 'ಪ್ರತಿ' ಆರೋಪಿ, ನಮ್ಮ 'ಪ್ರತಿ' ನಕಲು. ಅವರ 'ಅಪೇಕ್ಷ' ಅರ್ಜಿ, ನಮ್ಮ 'ಅಪೇಕ್ಷೆ' ಆಸೆ. ಅವರ 'ಅವಕಾಶ' ಹಕ್ಕು, ನಮ್ಮದು ಸಂದರ್ಭ. ಎರಡೂ ಭಾಷೆಗಳನ್ನು ಮನೆಯಲ್ಲಿಟ್ಟುಕೊಂಡಿರುವ ನಾವೇ ತಡವರಿಸುವ ಕಡೆ, ಕಟಕಟೆಯಲ್ಲಿ ನಡುಗುತ್ತಾ ನಿಂತವರ ಪಾಡೇನು?

1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ಚರ್ಚೆಯನ್ನು ನಾನಿಲ್ಲಿ ಎತ್ತುವುದಿಲ್ಲ. ಇಲ್ಲಿ ಕನ್ನಡ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಆಡುವವರಿದ್ದಾರೆ ಎಂಬುದಷ್ಟೇ ಸಾಕು. ಕನ್ನಡ, ತುಳು ಬಲ್ಲ ಕಾಯಂ ದುಭಾಷಿ ಹುದ್ದೆಗಳು ಬೇಕು. ಉಳಿದ ಭಾಷೆಗಳಿಗೆ ತರಬೇತಿ ಪಡೆದವರ ಪಟ್ಟಿಯೊಂದಿದ್ದು, ಕರೆದ ದಿನ ದಿನಭತ್ಯೆ, ಬಸ್ಸಿನ ಖರ್ಚು ಕೊಟ್ಟರೆ ಸಾಕು. ದುಡ್ಡೆಲ್ಲಿ ಎನ್ನುವವರು ಇನ್ನೊಂದು ಲೆಕ್ಕವನ್ನೂ ನೋಡಲಿ. ದುಭಾಷಿಯಿಲ್ಲವೆಂದು ವಿಚಾರಣೆ ಮುಂದೆ ಹೋದರೆ ಅಡಿಕೆ ಸುಲಿಯುವ ಸಾಕ್ಷಿಯ ಒಂದು ದಿನದ ಕೂಲಿ ಹೋಗುತ್ತದೆ, ಜಾಮೀನು ಸಿಗದವನ ಸೆರೆವಾಸ ಬೆಳೆಯುತ್ತದೆ. ಆ ಖರ್ಚು ಸರಕಾರದ ಕಡತದಲ್ಲಿ ಕಾಣುವುದಿಲ್ಲ, ಬಡವರ ಮನೆಯಲ್ಲಿ ಕಾಣುತ್ತದೆ.

ಅದೆಲ್ಲ ಆಗುವವರೆಗೆ ನಮ್ಮ ಮನೆಯವರಿಗೆ ಒಂದು ಮಾತು. ಸಾಕ್ಷಿಯಾಗಿಯೋ ಆರೋಪಿಯಾಗಿಯೋ ನಿಲ್ಲಬೇಕಾಗಿ ಬಂದರೆ, ಅರ್ಥವಾಗದ್ದಕ್ಕೆ ತಲೆಯಾಡಿಸಬೇಡಿ. "ನನಗೆ ಕನ್ನಡದಲ್ಲಿ ಹೇಳಿಸಿ" ಎಂದು ವಿನಯದಿಂದ, ಆದರೆ ಗಟ್ಟಿಯಾಗಿ ಕೇಳಿ. ಅದು ಉದ್ಧಟತನವಲ್ಲ, ಕಾನೂನು ಕೊಟ್ಟದ್ದು.