ಪೆನ್‌ಡ್ರೈವ್, ಹಂತಿ ಪದ ಮತ್ತು ಪೇಟೆಂಟ್

ಈ ವಾರ ಕುಳೆ ಕಬ್ಬಿನ ಗೊಬ್ಬರದ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕ ಇರಲಿ. ಯಾಕಂದ್ರ ಎಂಟು ದಿನದಿಂದ ನನ್ನ ತಲ್ಯಾಗ ಬರೇ ಟ್ರ್ಯಾಕ್ಟರ್ ಹಾಡು ತಿರಗಾಕತ್ತಾವು. ನಮ್ಮ ಹೊಲ ರಸ್ತೆ ದಂಡಿಗೆ ಐತಿ. ಸೀಸನ್ ಚಾಲೂ ಆತು ಅಂದ್ರ ರಾತ್ರಿ ಹನ್ನೊಂದಕ್ಕ ಶುರುವಾದ ಕಬ್ಬಿನ ಗಾಡಿ ಸಾಲು ಬೆಳಗಿನ ನಾಲ್ಕರ ತನಕ ನಿಲ್ಲಂಗಿಲ್ಲ. ಎರಡೆರಡು ಟ್ರೇಲರ್, ಮ್ಯಾಲೆ ಬಾಗಿದ ಕಬ್ಬು, ಡ್ರೈವರ್ ತಲಿ ಹಿಂದ ನಾಲ್ಕು ಸ್ಪೀಕರ್. ಮೊದಲ ಹಾಡು ಬರತೈತಿ, ಆಮ್ಯಾಲೆ ಎಂಜಿನ್ ಸಪ್ಪಳ ಬರತೈತಿ, ಕಡೀಕ ಟ್ರ್ಯಾಕ್ಟರ್ ಬರತೈತಿ.

ಬೈಯೋದು ಬಾಳ ಸರಳ. ನಾನೂ ಬೈತೀನಿ. ಹಿಂದ ಬರೋ ಗಾಡಿ ಹಾರ್ನ್ ಕೇಳಂಗಿಲ್ಲ, ಟ್ರೇಲರ್ ಹಿಂದ ಕೆಂಪು ಪಟ್ಟಿ ಇರಂಗಿಲ್ಲ, ಬೈಕಿನವರು ಹೋಗಿ ಗುದ್ದತಾರ. ಸ್ಪೀಕರಿಗೆ ಸಾವಿರಗಟ್ಟಲೆ ರೊಕ್ಕ ಸುರುವಿದಾವ ನೂರು ರೂಪಾಯಿ ರಿಫ್ಲೆಕ್ಟರ್ ಪಟ್ಟಿಗೆ ಲೆಕ್ಕಾ ಹಾಕತಾನ. ಇದು ನಗೋ ಮಾತಲ್ಲ. ಆದ್ರ ಆ ಹುಡುಗನ ಕಡೆಯಿಂದ ಒಂದ್ಸಲ ನೋಡ್ರಿ. ಹಗಲೆಲ್ಲಾ ಹೊಲದಾಗ ಲೋಡ್ ಮಾಡಿಸಿರತಾನ, ರಾತ್ರಿ ಫ್ಯಾಕ್ಟರಿ ಯಾರ್ಡಿನ್ಯಾಗ ಪಾಳೆಕ ನಿಂತಿರತಾನ, ಎರಡು ದಿನದಿಂದ ನೆಟ್ಟಗ ನಿದ್ದಿ ಇರಂಗಿಲ್ಲ. ಹಾಡು ಬಂದ್ ಮಾಡಿದ್ರ ಕಣ್ಣು ಮುಚ್ಚತಾವು. ಆ ಹಾಡು ಅವಂಗ ಸಂಗೀತ ಅಲ್ಲ, ಚಾ ಇದ್ದಂಗ.

ನಮ್ಮ ಹಿರ್ಯಾರೂ ಇದನ್ನ ಮಾಡಿದ್ರು. ಐವತ್ತು ದಾಟಿದವರಿಗೆ ನೆನಪಿರಬೇಕು, ಕಣದಾಗ ಮೇಟಿ ನೆಟ್ಟು, ಜ್ವಾಳದ ತೆನಿ ಹರವಿ, ಎತ್ತು ಕಟ್ಟಿ ರಾತ್ರಿಯೆಲ್ಲಾ ಹಂತಿ ಹೊಡೀತಿದ್ರು. ಒಬ್ಬಾವ ಪದಾ ಎತ್ತತಿದ್ದ, ಹಿಂದಿನವರು ಸೊಲ್ಲು ಹಿಡೀತಿದ್ರು. ಎತ್ತಿನ ಹೆಜ್ಜಿಗೆ ಹಾಡು, ಹಾಡಿಗೆ ಎತ್ತಿನ ಹೆಜ್ಜಿ. ಪದಾ ನಿಂತ್ರ ಎತ್ತೂ ನಿಲ್ಲತಿದ್ವು, ಮನಶಾನೂ ತೂಕಡಸತಿದ್ದ. ಶಾಣ್ಯಾರು ಅದನ್ನ ಜನಪದ ಸಾಹಿತ್ಯ ಅಂತ ಪುಸ್ತಕದಾಗ ಬರದಾರ, ಬಾಳ ಚಲೋ. ಆದ್ರ ಕಣದಾಗ ಅದು ಒಂದು ಸಾಮಾನು. ಮೇಟಿ ಹೆಂಗೋ, ಬಾರಕೋಲು ಹೆಂಗೋ, ಪದಾನೂ ಹಂಗ.

ರಾಶಿ ಮಷೀನ್ ಬಂತು. ಮೂರು ರಾತ್ರಿ ಕೆಲಸ ಒಂದು ತಾಸಿನ್ಯಾಗ ಮುಗೀತು. ಮಷೀನ್ ಬ್ಯಾಡ ಅನ್ನೋ ಮನಶಾ ನಾನಲ್ಲ. ಹಂತಿ ಹೊಡೆದ ಕಾಲು ನಂದೂ ಅದಾವು, ಆ ದಣಿವು ಯಾರಿಗೂ ಬ್ಯಾಡ. ಪ್ಯಾಟ್ಯಾಗ ಕುಂತು "ಅಯ್ಯೋ ಹಂತಿ ಪದ ಹೋತಲ್ಲಾ" ಅಂತ ಕಣ್ಣೀರು ಹಾಕವರಿಗೆ ಒಂದು ರಾತ್ರಿ ಎತ್ತಿನ ಹಿಂದ ನಡೀರಿ ಅಂತ ಹೇಳಬೇಕು. ಆದ್ರ ಲೆಕ್ಕ ನೋಡ್ರಿ. ಮಷೀನ್ ಬಂದು ಕೆಲಸ ತಗೊಂಡು ಹೋತು, ಕೆಲಸದ ಜೋಡಿ ಹಾಡೂ ಹೋತು. ಆಮ್ಯಾಲೆ ಇನ್ನೊಂದು ಮಷೀನ್ ಬಂದು ಆ ಹಾಡನ್ನ ನಮಗ ರೊಕ್ಕಕ್ಕ ಮಾರ್ತು. ಮೊದಲ ಕ್ಯಾಸೆಟ್, ಆಮ್ಯಾಲೆ ಸೀಡಿ, ಈಗ ಪೆನ್‌ಡ್ರೈವ್. ಈಗಂತೂ ಮೂಡಲಗಿ, ಗೋಕಾಕ ಕಡೆ ಹುಡುಗೂರು ತಾವ ಹಾಡಿ ತಾವ ಬಿಡಾಕತ್ತಾರ.

ಮಷೀನ್ ಹಾಡಿನ ಅಳತೀನೂ ಬದಲಿ ಮಾಡತೈತಿ. ಹಂತಿ ಪದಕ್ಕ ಬೆಳಕು ಹರಿಯೋದ ಅಳತಿ. ಗ್ರಾಮೋಫೋನ್ ಪ್ಲೇಟಿನ ಒಂದು ಮಗ್ಗಲಕ್ಕ ಹಿಡಿಯೋದು ಮೂರು ಮೂರೂವರೆ ನಿಮಿಷ. ನಮ್ಮ ಗಂಗೂಬಾಯಿ ಹಾನಗಲ್ ಅಂಥವರು ಒಂದು ರಾಗಾನ ತಾಸಗಟ್ಟಲೆ ಹಾಡೋರು, ಪ್ಲೇಟಿನ ಸಲುವಾಗಿ ಅದನ್ನ ಮೂರು ನಿಮಿಷದಾಗ ಮುಗಿಸಬೇಕಾತು. ಮೊದಲ ಮೊದಲ ಅವರ ಪ್ಲೇಟಿನ ಮ್ಯಾಲೆ "ಗಾಂಧಾರಿ" ಅಂತ ಹೆಸರು ಬ್ಯಾರೆ ಹಾಕಿದ್ರು. ಈಗ ರೀಲ್ಸಿನ್ಯಾಗ ಮೂವತ್ತು ಸೆಕೆಂಡ್. ಇನ್ನ ಹತ್ತು ವರ್ಷಕ್ಕ ಗಾಯಕ ಬರೇ ಕೆಮ್ಮಿ ಇಳದು ಹೋಗತಾನೋ ಏನೋ.

ಪೆನ್‌ಡ್ರೈವ್‌ನ್ಯಾಗ ಐನೂರು ಹಾಡು ಹೆಂಗ ಹಿಡಿತಾವು ಅಂತ ನನ್ನ ಮಗನ ಕೇಳಿದೆ. ಎಂಪಿ3 ಅಂದ. ಅದು ಹೆಂಗ ಅಂದ್ರ, ದೊಡ್ಡ ಸಪ್ಪಳದ ಬಾಜೂಕ ಸಣ್ಣ ಸಪ್ಪಳ ಇದ್ರ ನಮ್ಮ ಕಿವಿಗೆ ಸಣ್ಣದು ಕೇಳಂಗಿಲ್ಲ. ಟ್ರ್ಯಾಕ್ಟರ್ ಹೊಂಟಾಗ ಗಿಡದಾಗಿನ ಗುಬ್ಬಿ ಕೇಳತೈತೇನು? ಇಲ್ಲ. ಹಂಗಾರ ಗುಬ್ಬಿ ಸಪ್ಪಳ ಯಾಕ ಇಡಬೇಕು, ತಗದ ಹಾಕು. ಹಿಂಗ ಕೇಳದಿದ್ದದ್ದನ್ನೆಲ್ಲಾ ತಗದು ಹತ್ತು ಪಾಲಿನ್ಯಾಗ ಒಂದು ಪಾಲು ಉಳಸತಾರ. ಇದನ್ನ ಮಾಡಿದವರೊಳಗ ಮುಂದಿದ್ದವರು ಜರ್ಮನಿಯ ಫ್ರೌನ್‌ಹೋಫರ್ ಅನ್ನೋ ಸಂಸ್ಥೆಯವರು. ಪೇಟೆಂಟ್ ತಗೊಂಡು ವರ್ಷಾನುಗಟ್ಟಲೆ ಲೈಸೆನ್ಸ್ ಫೀ ಎಣಿಸಿದ್ರು. 2017ರಾಗ ಪೇಟೆಂಟ್ ಅವಧಿ ಮುಗದು ಲೈಸೆನ್ಸ್ ಬಂದ್ ಮಾಡಿದ್ರು. ಅಂದ್ರ ಈಗ ಎಂಪಿ3 ನಮ್ಮ ಕುಂಟಿ, ಕೂರಿಗಿ ಇದ್ದಂಗ, ಯಾರ ಬೇಕಾದವರು ಮಾಡಬಹುದು, ಯಾರ ಬೇಕಾದವರು ಹೂಡಬಹುದು.

ಕೂರಿಗಿ ಅಂದ ಕೂಡಲೇ ಒಂದು ಮಾತು. ಸಮ ಅಂತರಕ್ಕ, ಸಮ ಆಳಕ್ಕ ಬೀಜ ಬೀಳೋ ಆ ಸಾಮಾನನ್ನ ಮೊದಲ ಮಾಡಿದ ಬಡಿಗ್ಯಾರ ಹೆಸರು ಯಾರಿಗೆ ಗೊತ್ತೈತಿ? ಅವಂಗ ಆಯಾದ ಜ್ವಾಳ ಸಿಕ್ಕಿರಬೇಕು, ಅಷ್ಟ. ನಮ್ಮ ಅಪ್ಪ ಒಂದು ಉಪಾಯ ಮಾಡಿದ್ದ. ರಾತ್ರಿ ಕರೆಂಟ್ ಯಾವಾಗ ಬರತೈತಿ ಗೊತ್ತಿರತಿದ್ದಿಲ್ಲ. (ನಮ್ಮ ಹುಕ್ಕೇರಿಯೊಳಗ 1969ರಿಂದ ನಮ್ಮದ ಸಹಕಾರಿ ಸಂಘದ ಕರೆಂಟ್, ಬ್ಯಾರೆ ತಾಲೂಕಿನವರು ಈಗೂ ಕೇಳಿ ಆಶ್ಚರ್ಯ ಪಡತಾರ.) ಅಪ್ಪ ಏನ ಮಾಡಿದ, ಪಂಪಿನ ಮನ್ಯಾಗ ರೇಡಿಯೋ ಸ್ವಿಚ್ ಹಾಕೇ ಇಟ್ಟು, ದನಿ ಪೂರ್ತಿ ಏರಿಸಿ, ಹೊರಗ ಹೊರಸಿನ ಮ್ಯಾಲೆ ಮಲಗತಿದ್ದ. ಕರೆಂಟ್ ಬಂದ್ರ ರೇಡಿಯೋ ಒದರತಿತ್ತು, ಎದ್ದು ಮೋಟರ್ ಚಾಲೂ ಮಾಡತಿದ್ದ. ಸಂಜಿ ಕರೆಂಟ್ ಬಂದ್ರ ಧಾರವಾಡ ಆಕಾಶವಾಣಿ ಹಾಡು. ನಡುರಾತ್ರಿ ಬಂದ್ರ ಆಕಾಶವಾಣಿಯವರು ಮಲಗಿರತಿದ್ರು, ಬರೇ ಸರ್ರ್ ಅನ್ನೋ ಸಪ್ಪಳ. ನಮ್ಮ ಅಪ್ಪಗ ಆ ಸರ್ರ್ ಸಪ್ಪಳದಷ್ಟು ಇಂಪಾದ ರಾಗ ಯಾವದೂ ಇರಲಿಲ್ಲ. ಈಗ ಇದಕ್ಕ ಮೊಬೈಲ್ ಸ್ಟಾರ್ಟರ್ ಬಂದಾವು, ಅದೂ ಕೆಟ್ಟಾಗ ರೇಡಿಯೋನ ಬೇಕು.

ಎಬ್ಬಿಸೋ ಉಪಾಯ ಅಂದ್ರ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರದ್ದು ಕೇಳ್ರಿ. ಅಲಾರಂ ಹೊಡೆದ್ರೂ ಎಚ್ಚರ ಆಗತಿದ್ದಿಲ್ಲಂತ. ಅಲಾರಂ ಕೀಲಿಗೆ ದಾರಾ ಕಟ್ಟಿ, ದಾರಕ್ಕ ನೀರಿನ ಬಾಟ್ಲಿ ಕಟ್ಟಿದ್ರು. ಕೀಲಿ ತಿರಗಿದ ಕೂಡಲೇ ಬಾಟ್ಲಿ ಬಗ್ಗಿ ಮಾರಿ ಮ್ಯಾಲೆ ನೀರು. ಅಲ್ಲಿಂದ ಶುರುವಾದ ಮನಶಾ ಹುಣಸಿಹಣ್ಣಿನ ಬೀಜ ತಗಿಯೋ ಮಷೀನ್, ಕಬ್ಬು ನಾಟಿ ಮಾಡೋ ಯಂತ್ರ, ಬಿತ್ತೋ ಕೂರಿಗಿ ಅಂತ ಸಾಲುಸಾಲು ಮಾಡಿದ್ರು. 2022ರಾಗ ಪದ್ಮಶ್ರೀ ಬಂತು.

ಈಗ ನಮ್ಮೂರ ಕಥಿಗೆ ಬರತೀನಿ. ಇದನ್ನ ಬರೀಬೇಕಂತನ ಇವತ್ತು ಕುಂತದ್ದು. ನಮ್ಮೂರಾಗ ಒಬ್ಬ ವೆಲ್ಡಿಂಗ್ ಹುಡುಗ ಅದಾನ. ಹೆಸರು ಬ್ಯಾಡ. ಕಬ್ಬು ಕಡದ ಮ್ಯಾಲೆ ರವದಿ ಸುಡಬ್ಯಾಡ್ರಿ ಅಂತ ಎಲ್ಲಾರೂ ಹೇಳತಾರ, ಕೈಯಿಂದ ಸರಸಾಕ ಆಳು ಎಲ್ಲಿ ಸಿಗತಾವು? ಈ ಹುಡುಗ ಮಿನಿ ಟ್ರ್ಯಾಕ್ಟರಿಗೆ ಒಂದು ಹಲ್ಲಿನ ಸಾಮಾನು ಮಾಡಿದ. ಸಾಲು ಬಿಟ್ಟು ಸಾಲಿಗೆ ರವದಿ ಸರಿಸಿ ಹಾಕತೈತಿ. ಕುಳೆಗೆ ಪೆಟ್ಟು ಬೀಳಂಗಿಲ್ಲ, ಖಾಲಿ ಸಾಲಿನ್ಯಾಗ ನೀರು ಹಾಯತೈತಿ. ಎರಡು ಸೀಸನ್ ತಿದ್ದಿ ತಿದ್ದಿ ಮಾಡಿದ. ಮೊದಲನೇದು ಸುತಗೊಂಡು ಸುತಗೊಂಡು ನಿಲ್ಲತಿತ್ತು. ಹಲ್ಲಿನ ಬಾಗು ಬದಲಿ ಮಾಡಿದ ಮ್ಯಾಲೆ ಸರಿ ಆತು. ನಾನು ಹೊಲದಾಗ ನಿಂತು ನೋಡೇನಿ, ಕೆಲಸ ಚಲೋ ಐತಿ.

ಖುಷಿಯೊಳಗ ವಿಡಿಯೋ ಮಾಡಿ ಬಿಟ್ಟ, ಅದೂ ಹಾಡು ಹಾಕಿ. ಲಕ್ಷಗಟ್ಟಲೆ ಜನ ನೋಡಿದ್ರು. ಎರಡು ತಿಂಗಳಾಗ ದೂರದ ಒಂದು ವರ್ಕ್‌ಶಾಪಿನವರು ಅದ ಸಾಮಾನು, ಅದ ಬಾಗು, ಬ್ಯಾರೆ ಬಣ್ಣ ಹಚ್ಚಿ ಮಾರಾಕತ್ತಿದ್ರು. ಹುಡುಗ ಬಂದು "ಕಾಕಾ, ಪೇಟೆಂಟ್ ಮಾಡಸ್ತೀನಿ" ಅಂದ. ಗೊತ್ತಿದ್ದವರ ಕಡೆ ವಿಚಾರಿಸಿದ್ವಿ. ಅಲ್ಲಿ ತಿಳದದ್ದು ನಿಮಗೆಲ್ಲಾ ಗೊತ್ತಿರಲಿ ಅಂತ ಬರೀತೇನಿ.

ಪೇಟೆಂಟ್ ಬೇಕಂದ್ರ ಸಾಮಾನು ಹೊಸಾದು ಇರಬೇಕು. ಹೊಸಾದು ಅಂದ್ರ, ಅರ್ಜಿ ಹಾಕೋ ಮೊದಲ ಜಗತ್ತಿಗೆ ತೋರಿಸಿರಬಾರದು. ತಾನ ಬಿಟ್ಟ ವಿಡಿಯೋನೂ ತೋರಿಸಿದ ಲೆಕ್ಕಕ್ಕ ಬರತೈತಿ. ಆ ಮೂವತ್ತು ಸೆಕೆಂಡಿನ ರೀಲ್ಸ್ ಇಪ್ಪತ್ತು ವರ್ಷದ ಹಕ್ಕು ನುಂಗಿತು. ಅರ್ಜಿ ಫೀ ಏನ ದೊಡ್ಡದಲ್ಲ, ಸಾದಾ ಮನಶಾಗ ಆನ್‌ಲೈನ್ 1,600 ರೂಪಾಯಿ, ಆಮ್ಯಾಲೆ ಪರೀಕ್ಷೆ ಮಾಡ್ರಿ ಅಂತ ಕೇಳಾಕ 4,000. ದೊಡ್ಡದು ಬರಿಯೋ ವಕೀಲರ ಫೀ. ನಮ್ಮ ರಾಜ್ಯದ ಅರ್ಜಿ ಚೆನ್ನೈ ಆಫೀಸಿಗೆ ಹೋಗತಾವು. ಗುಜರಾತದ ಗಾಂಧಿನಗರದ ಕಡೆ ನ್ಯಾಶನಲ್ ಇನ್ನೊವೇಶನ್ ಫೌಂಡೇಶನ್ ಅಂತ ಸರಕಾರದ ಸಂಸ್ಥೆ ಐತಿ, ಓದದ ರೈತರು, ಮಿಸ್ತ್ರಿಗಳು ಮಾಡಿದ ಸಾಮಾನು ನೋಡಿ, ಚಲೋ ಇದ್ರ ಅವರ ಹೆಸರಿನ್ಯಾಗ ಪೇಟೆಂಟ್ ಹಾಕಾಕ ಸಹಾಯ ಮಾಡತಾರ. ಮೊದಲ ಅಲ್ಲಿ ಬರೀರಿ, ಆಮ್ಯಾಲೆ ಹಾಡು ಹಾಕ್ರಿ.

ಇನ್ನೊಂದು ಮಾತು. ಸಾಮಾನಿಗೆ ಪೇಟೆಂಟ್ ಐತಿ, ಒಕ್ಕಲುತನದ ಪದ್ಧತಿಗೆ ಇಲ್ಲ. ನಮ್ಮ 1970ರ ಪೇಟೆಂಟ್ ಕಾಯ್ದೆಯೊಳಗ ಬೇಸಾಯದ ವಿಧಾನ ಪೇಟೆಂಟಿಗೆ ಬರಂಗಿಲ್ಲ ಅಂತ ಚೊಕ್ಕ ಬರದಾರ. ಸಾಲು ಬಿಟ್ಟು ಸಾಲಿಗೆ ರವದಿ ಹಾಕೋ ಬುದ್ಧಿ ಯಾರದೂ ಅಲ್ಲ, ಹಾಕೋ ಹಲ್ಲು ಮಾತ್ರ ಅವಂದು. ನನಗ ಈ ಕಾಯ್ದೆ ಸೇರತೈತಿ. ಇಲ್ಲಂದ್ರ ಬಾಜೂ ಹೊಲದವನ ನೋಡಿ ಬೋದು ಏರಿಸಿದ್ದಕ್ಕೂ ಬಿಲ್ ಬರತಿತ್ತು. ಗಾಯಕ್ಕ ಅರಿಶಿಣ ಹಚ್ಚೋದಕ್ಕ 1995ರಾಗ ಅಮೆರಿಕಾದಾಗ ಪೇಟೆಂಟ್ ಕೊಟ್ಟಿದ್ರು, ನಮ್ಮ ಸಿಎಸ್ಐಆರ್‌ನವರು ಹಳೇ ಗ್ರಂಥ ತಗದು ತೋರಿಸಿ 1997ರಾಗ ರದ್ದು ಮಾಡಿಸಿದ್ರು. ನಮ್ಮ ಅಮ್ಮನ್ನ ಸಾಕ್ಷಿಗೆ ಕರದಿದ್ರ ಎರಡು ವರ್ಷ ಹಿಡೀತಿದ್ದಿಲ್ಲ.

ಪೇಟೆಂಟ ಬ್ಯಾಡ ಅನ್ನೋ ದೊಡ್ಡ ಮನಸಿನವರೂ ಇದ್ರು. ರೇಡಿಯೋ ತರಂಗದ ಮ್ಯಾಲೆ ಮಾರ್ಕೋನಿಗಿಂತ ಮೊದಲ 1895ರಾಗ ಕಲ್ಕತ್ತಾದಾಗ ಜಗದೀಶಚಂದ್ರ ಬೋಸ್ ತಂತಿ ಇಲ್ಲದ ಗಂಟಿ ಬಾರಿಸಿ ತೋರಿಸಿದ್ರು. ರೊಕ್ಕ ಬ್ಯಾಡ ಅಂದ್ರು. ಗೆಳ್ಯಾರು ಕಾಡಿ ಬೇಡಿದ ಮ್ಯಾಲೆ 1904ರಾಗ ಅಮೆರಿಕಾದ ಒಂದು ಪೇಟೆಂಟ್ ಬಂತು, ಅದನ್ನೂ ಹಂಗ ಬಿಟ್ರು. ದೊಡ್ಡವರು. ಆದ್ರ ಬೋಸರಿಗೆ ಕಾಲೇಜಿನ ಪಗಾರ ಇತ್ತು. ನಮ್ಮ ವೆಲ್ಡಿಂಗ್ ಹುಡುಗಗ ಕಂಪ್ರೆಸರಿನ ಸಾಲದ ಕಂತು ಐತಿ. ಎಲ್ಲಾರಿಗೂ ಒಂದ ತಕ್ಕಡಿ ಹಿಡಿಯೋದು ನನಗ ಸರಿ ಅನಸಂಗಿಲ್ಲ.

ಹಾಡಿನ ಕಡೇನೂ ಇದ ಗದ್ಲ. ನಮ್ಮ ತಂಗಿ ಮಗ ಒಬ್ಬ ಹಿರ್ಯಾರ ಕಡೆ ಹಂತಿ ಪದ ಹಾಡಿಸಿ ಫೋನಿನ್ಯಾಗ ಹಿಡದು ಇಂಟರ್ನೆಟ್ಟಿಗೆ ಹಾಕಿದ. ಎಂಬತ್ತು ವರ್ಷದ ಮುದುಕ, ಹಲ್ಲಿಲ್ಲ, ದನಿ ಮಾತ್ರ ಕಂಚು. ಹಾಕಿ ಒಂದು ತಾಸಿಗೆ ನೋಟೀಸು ಬಂತು, ಈ ಹಾಡಿನ ಹಕ್ಕು ಒಂದು ಕ್ಯಾಸೆಟ್ ಕಂಪನಿದು ಅಂತ. ಆ ಕಂಪನಿ ಹುಟ್ಟೋ ಮೊದಲ ಮುದುಕ ಆ ಪದಾ ಹಾಡಾಕತ್ತಿದ್ದ, ಅವನ ಮೊದಲ ಅವನ ಅಪ್ಪ. ಕಂಪನಿಗೆ ತಾವು ರೆಕಾರ್ಡ್ ಮಾಡಿದ ಕ್ಯಾಸೆಟ್ ಮ್ಯಾಲೆ ಹಕ್ಕು ಐತಿ, ಖರೆ. ಪದದ ಮ್ಯಾಲೆ ಎಲ್ಲಿಂದ ಬಂತು? ಕಂಪ್ಯೂಟರಿಗೆ ಈ ಫರಕ ತಿಳಿಯಂಗಿಲ್ಲ, ದಾಟಿ ಒಂದ ಕಂಡ್ರ ಕಳ್ಳ ಅಂತೈತಿ. ಹುಡುಗ ತಕರಾರು ಬರದ, ಮೂರು ವಾರದ ಮ್ಯಾಲೆ ಬಿಟ್ರು. ಮುದುಕಗ ಹೇಳಿದ್ರ ನಕ್ಕ. "ಅವರಿಗೆ ಪೂರ್ತಿ ಬರತೈತೇನು ಕೇಳು, ನಡುವಿನ ನಾಲ್ಕು ಸೊಲ್ಲು ನನಗ ಮರತೈತಿ" ಅಂದ.

ಹುಡುಗನ ಹೊಸಾ ಸಾಮಾನು ಒಂದು ತಯಾರಾಗಾಕತ್ತೈತಿ. ಏನು ಅಂತ ಬರಿಯಂಗಿಲ್ಲ, ನೀವೂ ಕೇಳಬ್ಯಾಡ್ರಿ. ಹಂತಿ ಪದ ಬರೋ ಹಿರ್ಯಾರು ನಿಮ್ಮ ಊರಾಗ ಯಾರರ ಇದ್ರ ಮಾತ್ರ ತಿಳಸ್ರಿ, ನಮ್ಮ ತಂಗಿ ಮಗ ರವಿವಾರ ಬಿಡುವಾಗಿ ಇರತಾನ, ಬೈಕ್ ಮ್ಯಾಲೆ ಬರತಾನ. ಆ ನಾಲ್ಕು ಸೊಲ್ಲು ಸಿಗಬೇಕಾಗೈತಿ.